ಹವಾ ಯಾರದು, ಆಟ ಯಾರದು

ಕ್ರಿಕೆಟ್‌ನಲ್ಲಿ ಯಾರು ದೊಡ್ಡವರು ಅಂತ ಜಗಳ ಬಂದರೆ ಸರಾಸರಿ, ಸ್ಟ್ರೈಕ್ ರೇಟ್ ಅಂತ ನಾಲ್ಕು ಅಂಕಿ ಎಸೆದು ಎದುರಿನವರ ಬಾಯಿ ಮುಚ್ಚಿಸಬಹುದು. ಹಾಕಿಯಲ್ಲಿ ಆ ಸುಖ ಇಲ್ಲ. ಗೋಲು ಎಣಿಸಬಹುದು, ಅಷ್ಟೇ. ರೈಟ್ ಹಾಫ್, ಅಂದರೆ ನಡುಸಾಲಿನ ಬಲಬದಿಯಲ್ಲಿ ಆಡುವವನು ಎದುರಾಳಿಯ ಎಷ್ಟು ಪಾಸ್ ಕದ್ದ, ಎಷ್ಟು ಸಲ ಸುಮ್ನೆ ಸರಿಯಾದ ಜಾಗದಲ್ಲಿ ನಿಂತೇ ದಾಳಿ ಕೆಡಿಸಿದ ಅನ್ನೋದು ಕೋಚ್‌ಗಳ ಲ್ಯಾಪ್‌ಟಾಪ್‌ನಲ್ಲಿ ಇದ್ದೀತು. ಟಿವಿ ಮುಂದೆ ಕೂತ ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಅತ್ಯುತ್ತಮ ಆಟಗಾರರ ಪಟ್ಟಿ ಮಾಡಲು ಕೂತರೆ ನಮ್ಮ ಕೈಗೆ ಸಿಗುವುದು ಎರಡೇ. ಒಂದು ಹವಾ, ಇನ್ನೊಂದು ಹಳೇ ಸಾಧನೆ.

ಇವೆರಡೂ ಮುಖಾಮುಖಿ ಡಿಕ್ಕಿ ಹೊಡೆದಿದ್ದು 2021ರಲ್ಲಿ. ಆ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಹಾಕಿ ಚಿನ್ನ ಗೆದ್ದಿದ್ದು ಬೆಲ್ಜಿಯಂ. ಭಾರತಕ್ಕೆ ಕಂಚು, ಅದೂ 41 ವರ್ಷ ಕಾದ ಮೇಲೆ ಬಂದ ಪದಕ. ಮಹಿಳೆಯರಲ್ಲಿ ಚಿನ್ನ ನೆದರ್‌ಲೆಂಡ್ಸ್‌ಗೆ, ನಮ್ಮವರು ನಾಲ್ಕನೇ ಸ್ಥಾನ. ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ ವರ್ಷದ ಪ್ರಶಸ್ತಿ ಪ್ರಕಟಿಸಿತು. ಎಂಟಕ್ಕೆ ಎಂಟೂ ಭಾರತಕ್ಕೆ! ವರ್ಷದ ಆಟಗಾರರಾಗಿ ಹರ್ಮನ್‌ಪ್ರೀತ್ ಸಿಂಗ್, ಗುರ್ಜಿತ್ ಕೌರ್, ಗೋಲ್‌ಕೀಪರ್‌ಗಳಾಗಿ ಶ್ರೀಜೇಶ್, ಸವಿತಾ, ಇಬ್ಬರು ಉದಯೋನ್ಮುಖರು, ಕೊನೆಗೆ ನಮ್ಮ ಎರಡೂ ತಂಡದ ಕೋಚ್‌ಗಳು. ಬೆಲ್ಜಿಯಂನವರಿಗೆ ಉರಿಯಿತು. ಚಿನ್ನ ಗೆದ್ದ ತಂಡದಿಂದ ಅಷ್ಟೊಂದು ಹೆಸರು ಪಟ್ಟಿಯಲ್ಲಿದ್ದೂ ಒಂದೂ ಪ್ರಶಸ್ತಿ ಬರಲಿಲ್ಲವೆಂದರೆ ಈ ವೋಟಿಂಗ್ ಪದ್ಧತಿಯೇ ಸರಿಯಿಲ್ಲ ಎಂದು ಅವರ ಹಾಕಿ ಸಂಸ್ಥೆ ಬಹಿರಂಗವಾಗಿಯೇ ಹೇಳಿತು.

ನಮ್ಮ ಕಡೆ ಅಭಿಮಾನಿಗಳ ಸಂಖ್ಯೆ ಜಾಸ್ತಿ, ಮೊಬೈಲ್ ಹಿಡಿದು ಒತ್ತಿದರು, ಗೆದ್ದರು. ಎಲ್ಲರೂ ಹೀಗೇ ಅಂದುಕೊಂಡರು. ಲೆಕ್ಕ ಬೇರೆಯೇ ಇತ್ತು. ಅಭಿಮಾನಿಗಳು ಮತ್ತು ಆಟಗಾರರ ವೋಟಿಗೆ ಇದ್ದ ತೂಕ ಶೇ. 25 ಮಾತ್ರ. ಮಾಧ್ಯಮದವರಿಗೆ ಇನ್ನೊಂದು 25. ಉಳಿದ ಅರ್ಧ ಆಯಾ ದೇಶಗಳ ತಂಡದ ನಾಯಕರು, ಕೋಚ್‌ಗಳ ಕೈಯಲ್ಲಿತ್ತು. ಏಷ್ಯಾದ 33 ದೇಶಗಳಲ್ಲಿ 29 ವೋಟು ಹಾಕಿದವು. ಯುರೋಪಿನ 42ರಲ್ಲಿ ಹಾಕಿದ್ದು 19. ತಮ್ಮ ಕಡೆಯ ನೆಂಟರೇ ಬಾರದ ಮದುವೆಯಲ್ಲಿ ಗಂಡಿನ ಕಡೆಯವರ ಗದ್ದಲ ಜಾಸ್ತಿಯಾಯ್ತು ಅಂತ ದೂರಿದ ಹಾಗಾಯಿತು ಅವರ ಕಥೆ.

ಹಾಗಂತ ಬೆಲ್ಜಿಯಂನ ಸಿಟ್ಟು ಪೂರ್ತಿ ಸುಳ್ಳೂ ಅಲ್ಲ. ಇಬ್ಬರು ಗೋಲ್‌ಕೀಪರ್‌ಗಳನ್ನೇ ತೆಗೆದುಕೊಳ್ಳಿ. ಟೋಕಿಯೊ ಫೈನಲ್ ಸಮ ಆಗಿ, ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಆಡುವ ಶೂಟೌಟ್‌ನಲ್ಲಿ ಬೆಲ್ಜಿಯಂನ ವಿನ್ಸೆಂಟ್ ವಾನಾಶ್ ಆಸ್ಟ್ರೇಲಿಯಾದ ಕೊನೆಯ ಯತ್ನವನ್ನು ತಡೆದ. ತಂಡ ಕುಣಿಯುತ್ತಿರುವಾಗಲೇ ವಿಡಿಯೊ ನೋಡಿ, ಇನ್ನೊಮ್ಮೆ ಆಡಿ ಎಂದರು. ಇನ್ನೊಮ್ಮೆಯೂ ತಡೆದ. ಒಂದೇ ಚಿನ್ನವನ್ನು ಎರಡು ಸಲ ಗೆದ್ದ ಹಾಗೆ. ಅದಕ್ಕೂ ಮೊದಲೇ 2017ರಿಂದ ಸತತ ಮೂರು ವರ್ಷ ಜಗತ್ತಿನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಅವನದೇ. ಟೋಕಿಯೊ ಫೈನಲ್ ನಡೆದ ದಿನವೇ ಕಂಚಿನ ಪಂದ್ಯದಲ್ಲಿ ಭಾರತ 5–4ರಿಂದ ಮುಂದಿತ್ತು. ಏಳು ಸೆಕೆಂಡೂ ಉಳಿದಿಲ್ಲ, ಜರ್ಮನಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲು ಹೊಡೆಯಲು ಒಳ್ಳೇ ಅವಕಾಶ ಸಿಕ್ಕಿತು. ಶ್ರೀಜೇಶ್ ಆ ಹೊಡೆತ ತಡೆದರು. ಆಮೇಲೆ ಹೋಗಿ ಗೋಲ್‌ಪೋಸ್ಟ್ ಮೇಲೆ ಹತ್ತಿ ಕೂತರು.

ಆ ಫೋಟೊ ನೆನಪಿದೆ ಅಲ್ವಾ? ವಾನಾಶ್‌ನ ಯಾವ ಫೋಟೊ ನೆನಪಿದೆ, ಹೇಳಿ ನೋಡೋಣ. ಹವಾ ಅಂದರೆ ಇದೇ. ಇದರಲ್ಲಿ ಸುಳ್ಳೇನೂ ಇಲ್ಲ. ತಡೆದಿದ್ದು ನಿಜ, ಕೂತಿದ್ದೂ ನಿಜ. ಆದರೆ ಮನಸ್ಸಿನಲ್ಲಿ ಉಳಿದದ್ದು ತಡೆದ ಕ್ಷಣಕ್ಕಿಂತ ಕೂತ ಕ್ಷಣ.

ತಮಾಷೆ ಅಂದರೆ ಮುಂದಿನ ವರ್ಷದ್ದು. ಗಲಾಟೆಯ ನಂತರ ನಿಯಮ ಬದಲಾಯಿತು. ತಜ್ಞರ ಸಮಿತಿಗೆ ಶೇ. 40 ತೂಕ ಕೊಟ್ಟು, ಅಭಿಮಾನಿಗಳ ಪಾಲನ್ನು ಇಳಿಸಿದರು. ಗೆದ್ದಿದ್ದು ಯಾರು? ಮತ್ತೆ ಹರ್ಮನ್‌ಪ್ರೀತ್. ದೇಶಗಳ ನಡುವಿನ ಪ್ರೊ ಲೀಗ್ ಟೂರ್ನಿಯ 16 ಪಂದ್ಯಗಳಲ್ಲಿ 18 ಗೋಲು ಹೊಡೆದವನನ್ನು ಯಾವ ತಜ್ಞ ಬಿಟ್ಟಾನು? ಹವಾ ಮೊದಲು ಬಂತು, ಲೆಕ್ಕ ಹಿಂದಿನಿಂದ ಓಡಿ ಬಂದು ಸೇರಿಕೊಂಡಿತು. ಕೆಲವೊಮ್ಮೆ ಜನ ತಪ್ಪು ಕಾರಣಕ್ಕೆ ಸರಿಯಾದ ಹೆಸರನ್ನೇ ಒತ್ತಿರುತ್ತಾರೆ.

ಹಳೇ ಸಾಧನೆ ಅನ್ನೋದೂ ನಾವಂದುಕೊಂಡಷ್ಟು ಶುದ್ಧ ಅಲ್ಲ. ಅರ್ಜೆಂಟೀನಾದ ಲುಸಿಯಾನಾ ಐಮಾರ್ ಎಂಟು ಸಲ ವರ್ಷದ ಆಟಗಾರ್ತಿ ಆದವರು. ಅವರ ಆಟ ನೋಡಿದವರು ಎಂಟೂ ನ್ಯಾಯವೇ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೂ ಆಗಲೇ ನಾಲ್ಕು ಸಲ ಗೆದ್ದವರ ಹೆಸರು ಮತ್ತೆ ಪಟ್ಟಿಯಲ್ಲಿ ಕಂಡರೆ ಬೆರಳು ತಾನಾಗೇ ಅತ್ತ ಹೋಗುವುದಿಲ್ಲವೇ? ಇನ್ನು ಧ್ಯಾನ್ ಚಂದ್. 1936ರ ಬರ್ಲಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತ ಜರ್ಮನಿಯನ್ನು 8–1ರಿಂದ ಸೋಲಿಸಿತು. ಅದರಲ್ಲಿ ಅವರದೆಷ್ಟು? ಕೆಲವರು ಮೂರು ಅನ್ನುತ್ತಾರೆ, ಕೆಲವರು ಆರು. ಆಟ ಮುಗಿದು ಇಷ್ಟು ವರ್ಷವಾದರೂ ಗೋಲು ಮಾತ್ರ ಬೆಳೆಯುತ್ತಲೇ ಇದೆ.

ಇಷ್ಟೆಲ್ಲ ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಕೊಡಗಿನ ಎಂ.ಎಂ. ಸೋಮಯ್ಯ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದವರು. ಮೂರು ಒಲಿಂಪಿಕ್ಸ್ ಆಡಿ, 1988ರ ಸೋಲ್‌ನಲ್ಲಿ ನಾಯಕರೂ ಆದವರು. ಹಾಫ್ ಲೈನ್‌ನ ಆಟಗಾರ. ಮಾಸ್ಕೋ ಅಂದರೆ ಜನ ಗೋಲು ಹೊಡೆದ ಸುರಿಂದರ್ ಸಿಂಗ್ ಸೋಧಿಯನ್ನು ನೆನೆಯುತ್ತಾರೆ, ಎದುರಾಳಿಗೆ ಸಿಗದಂತೆ ಚೆಂಡು ಓಡಿಸುತ್ತ ಡ್ರಿಬ್ಲಿಂಗ್ ಮಾಡಿದ ಮೊಹಮ್ಮದ್ ಶಾಹಿದ್‌ರನ್ನು ನೆನೆಯುತ್ತಾರೆ. ಹಿಂದೆ ನಿಂತು ಚೆಂಡು ಕಿತ್ತು ಇವರಿಗೆ ಕೊಟ್ಟವರ ಸರದಿ ಬರುವ ಹೊತ್ತಿಗೆ ಮಾತು ಬೇರೆ ಕಡೆ ಹೊರಳಿರುತ್ತದೆ. ಕೊಡಗಿನಲ್ಲಿ ಮಾತ್ರ ಹಾಗಲ್ಲ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಮನೆತನಗಳು ಆಡುತ್ತವೆ. ಅಲ್ಲಿ ಹವಾ ಏನಿದ್ದರೂ ಮನೆ ಹೆಸರಿಗೆ. ಮಾವ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿರುವಾಗ ನಂಬರ್ ಒನ್ ಯಾರು ಅಂತ ಕೇಳುವ ಧೈರ್ಯ ಯಾರಿಗಿದೆ?

ಫೆಡರೇಷನ್ ಪ್ರಶಸ್ತಿ ಶುರುವಾಗಿದ್ದು 1998ರಲ್ಲಿ. ಸೋಮಯ್ಯನವರ ಕಾಲಕ್ಕೆ ಅದೂ ಇರಲಿಲ್ಲ, ಆನ್‌ಲೈನ್ ವೋಟೂ ಇರಲಿಲ್ಲ. ಇದ್ದಿದ್ದರೆ, ಹಾಫ್‌ಬ್ಯಾಕ್‌ಗಳ ಪರವಾಗಿ ಇಷ್ಟು ವಾದ ಮಾಡಿದ ನಾನು ಕೂಡ ಶಾಹಿದ್‌ಗೇ ಒತ್ತುತ್ತಿದ್ದೆ. ಆ ಡ್ರಿಬ್ಲಿಂಗ್ ನೋಡಿ ಒತ್ತದೆ ಇರೋದು ಹೇಗೆ ಮಾರಾಯ್ರೆ!