ಅಮೆರಿಕದ ಜಡ್ಜ್‌ಗಳೆಲ್ಲ ಓಟಿನಿಂದ ಬಂದವರಾ?

"ಅಮೆರಿಕದಲ್ಲಿ ಪ್ರತಿ ಜಡ್ಜನ್ನೂ ಜನರೇ ಆರಿಸುತ್ತಾರೆ" ಅನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ನಂಬಿದವರ ತಪ್ಪೇನಿಲ್ಲ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ "ಪ್ರತಿ" ಅನ್ನುವುದು ಸುಳ್ಳು.

ಫೆಡರಲ್, ಅಂದರೆ ಕೇಂದ್ರದ ಕೋರ್ಟ್‌ಗಳ ಜಡ್ಜ್‌ಗಳಿಗೆ ಚುನಾವಣೆಯೇ ಇಲ್ಲ. ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ರಾಜ್ಯಗಳಲ್ಲಿ ಒಂದೊಂದು ಕಡೆ ಒಂದೊಂದು ಪದ್ಧತಿ. ಟೆಕ್ಸಾಸ್‌ನ ಜಿಲ್ಲಾ ಜಡ್ಜ್ 4 ವರ್ಷಕ್ಕೊಮ್ಮೆ ಪಕ್ಷದ ಹೆಸರಲ್ಲೇ ನಿಲ್ಲುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಗವರ್ನರ್ (ಅಲ್ಲಿ ರಾಜ್ಯ ಸರ್ಕಾರದ ಮುಖ್ಯಸ್ಥರು) ನೇಮಿಸುತ್ತಾರೆ, 70 ವರ್ಷ ತುಂಬುವವರೆಗೂ ಕೆಲಸ.

ಕ್ಯಾಲಿಫೋರ್ನಿಯಾದ್ದು ಇನ್ನೂ ಬೇರೆ. ವಿಚಾರಣಾ ಕೋರ್ಟಿನ ಜಡ್ಜ್‌ಗೆ ಅವಧಿ 6 ವರ್ಷ. ನಡುವೆ ಜಾಗ ಖಾಲಿಯಾದರೆ ಗವರ್ನರ್ ತುಂಬುತ್ತಾರೆ. ಮುಂದೆ ಚುನಾವಣೆಯಲ್ಲಿ ಎದುರಾಳಿ ಇಲ್ಲದಿದ್ದರೆ, ಸಾಮಾನ್ಯವಾಗಿ ಅವರ ಹೆಸರು ಮತಪತ್ರದಲ್ಲೇ ಇರುವುದಿಲ್ಲ!

ನೀವೇ ನೋಡಬೇಕಾ? ಆ ರಾಜ್ಯದ ಸಂವಿಧಾನದಲ್ಲಿ ಕೋರ್ಟ್‌ಗಳ ಭಾಗ ಓದಿ. ಅಲ್ಲಿ ನೆಂಟರಿದ್ದರೆ ಮಾದರಿ ಮತಪತ್ರದ ಫೋಟೊ ಕೇಳಿ.