ಬಾಡಿಗೆ ಉಳಿಯಿತು, ಕರೆಂಟು?
ಮನೆಯಿಂದಲೇ ಕೆಲಸ ಮಾಡುವವರು ನಗರ ಬಿಟ್ಟರೆ ಬಾಡಿಗೆ ಉಳಿಯುತ್ತೆ, ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದುಬಿಡಿ ಅಂತ ಒಂದು ಲೇಖನದಲ್ಲಿ ಓದಿದೆ. ಹಾಸನ ಪೇಟೆಗಾದರೆ ಸರಿ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದ ಲೆಕ್ಕವೇ ಬೇರೆ. ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿತ್ತೋ, ಕೆಲವೊಮ್ಮೆ ಎರಡು ಮೂರು ದಿನ ಕರೆಂಟಿಲ್ಲ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಇನ್ವರ್ಟರ್ ಬ್ಯಾಟರಿಯಲ್ಲಿ ಕೈಗೆ ಸಿಗುವುದು ಸುಮಾರು 1200 ವ್ಯಾಟ್-ಅವರ್. ಲ್ಯಾಪ್‌ಟಾಪ್, ರೂಟರ್, ಎರಡು ಬಲ್ಬು ಸೇರಿ 100 ವ್ಯಾಟ್ ಅಂದರೂ 12 ಗಂಟೆಗೆ ಮುಗೀತು. ಫ್ರಿಜ್ಜನ್ನೂ ಅದಕ್ಕೇ ಹಾಕಿದರೆ ಕೇಳಲೇಬೇಡಿ. ಇಂಟರ್ನೆಟ್ಟಿನ ಫೈಬರ್ ಕೇಬಲ್ಲೂ ಅದೇ ಕಂಬದಲ್ಲಿ ನೇತಾಡುತ್ತಿರುತ್ತೆ, ಹರಿದರೆ ಕರೆಂಟು, ಇಂಟರ್ನೆಟ್ ಎರಡೂ ಒಟ್ಟಿಗೆ ಹೋಗುತ್ತೆ.

ಇನ್ನು ಊರಿಗೆ ಬಂದು ತೋಟವನ್ನೂ ನೋಡಿಕೊಳ್ಳೋಣ ಅಂತಿದ್ದರೆ, ಅದರ ಕಾಗದಪತ್ರ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮಾಡಿಸಿ: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಸೋದರತ್ತೆಯರ, ಅಂದರೆ ಅಪ್ಪನ ಅಕ್ಕತಂಗಿಯರ ಹೆಸರು ಬಿಟ್ಟಿರೋ, ತಕರಾರು ಅರ್ಜಿ ಬಂತೆಂದೇ ಲೆಕ್ಕ.