ಮಂಟಪ ಮಾಡಿದರೆ ಅಪರಾಧ, ಟಿವಿ ತಂದರೆ ಆಫರ್

ಗಣಪತಿ ಹಬ್ಬಕ್ಕೆ ಥರ್ಮೋಕೋಲ್ ಮಂಟಪ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್ ಇಡೀ ದೇಶದಲ್ಲಿ ನಿಷೇಧ. ಆದರೆ ಅದೇ ಹಬ್ಬದ ಆಫರ್‌ನಲ್ಲಿ ದೊಡ್ಡ ಟಿವಿ ತನ್ನಿ, ಡಬ್ಬಿ ಒಳಗಿಂದ ಗಣಪನ ಜೊತೆ ಗೌರಮ್ಮನಿಗೂ ಮಂಟಪ ಆಗುವಷ್ಟು ಥರ್ಮೋಕೋಲ್ ಬರುತ್ತದೆ, ಯಾರೂ ಕೇಳಲ್ಲ. ಯಾಕಂದ್ರೆ ಅದು ಪ್ಯಾಕಿಂಗ್! ಆ ತುಂಡನ್ನೇ ಎತ್ತಿ ದೇವರ ಹಿಂದೆ ನಿಲ್ಲಿಸಿದಿರೋ, ಅಲ್ಲಿಂದ ಅಪರಾಧ ಶುರು. ಕಿವಿ ಕೆರೆಯುವ ಪ್ಲಾಸ್ಟಿಕ್ ಕಡ್ಡಿಗೂ ನಿಷೇಧ ಇದೆ. ಕಿವಿಗೆ ತುರುಕಿಕೊಂಡು, ಬ್ಯಾಟರಿ ಸತ್ತ ಮೇಲೆ ಎಸೆಯುವ ವೈರ್‌ಲೆಸ್ ಬಡ್ಸ್‌ಗೆ ಇಎಂಐ ಇದೆ.

ಡಬ್ಬಿ ಬಿಡಿ, ಒಳಗಿನ ಕಥೆ ಇನ್ನೂ ಮಜಾ. ಟಿವಿಯಂಥ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸ, ಪಾದರಸ, ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಿರಲಿ ಅಂತ ಬೆರೆಸುವ ಬ್ರೋಮಿನ್ ರಾಸಾಯನಿಕಗಳಲ್ಲಿ ಎರಡು ಬಗೆ, ಇವೆಲ್ಲ 0.1% ಮೀರಬಾರದು, ಕ್ಯಾಡ್ಮಿಯಂ 0.01% ಮೀರಬಾರದು ಅಂತ ನಮ್ಮಲ್ಲೂ 2014ರಿಂದ ನಿಯಮ ಇದೆ. ಒಳ್ಳೆಯದೇ. ಹಳೇ ಟಿವಿಗಳ ಕಪ್ಪು ಪ್ಲಾಸ್ಟಿಕ್ ಕರಗಿ ಮಕ್ಕಳ ಆಟಿಕೆಯಾದಾಗ ಅದರಲ್ಲೂ ಈ ಬ್ರೋಮಿನ್ ಸಿಕ್ಕಿದೆ. ಸರಿ, ಕಂಪನಿ ನಿಯಮ ಪಾಲಿಸಿದೆ ಅಂತ ಯಾರು ಹೇಳಬೇಕು? ಕಂಪನಿಯೇ! ಸ್ವಯಂ ಘೋಷಣೆ ಅಂತಾರೆ ಅದಕ್ಕೆ. ಡಬ್ಬಿಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದ ಪುಸ್ತಿಕೆ ಇರುತ್ತದಲ್ಲ, ನಾವು ಬಿಚ್ಚದೇ ಡ್ರಾಯರ್‌ಗೆ ಹಾಕುತ್ತೇವಲ್ಲ, ಅದರಲ್ಲಿ ಬರೆದರಾಯಿತು. ಮಾಲಿನ್ಯ ನಿಯಂತ್ರಣ ಮಂಡಳಿ ಬೇಕಾದರೆ ಅಲ್ಲೊಂದು ಇಲ್ಲೊಂದು ಸ್ಯಾಂಪಲ್ ಎತ್ತಿ ಪರೀಕ್ಷೆ ಮಾಡಿಸಬಹುದು.

ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರುವ ಅಜ್ಜಿಗೆ ಈ ಭಾಗ್ಯ ಇಲ್ಲ. ಕೇಂದ್ರದ ನಿಯಮದ ಪ್ರಕಾರ ಅವಳ ಕವರ್ 120 ಮೈಕ್ರಾನ್‌ಗಿಂತ ತೆಳು ಇರಬಾರದು. ನಾನೇ ಘೋಷಿಸ್ತೀನಿ ಬಿಡಪ್ಪ ಅಂದರೆ ಪಾಲಿಕೆಯ ಮಾರ್ಷಲ್ ಒಪ್ಪುತ್ತಾರಾ? ಬೆರಳಲ್ಲಿ ಉಜ್ಜಿ ನೋಡ್ತಾರೆ, ರಸೀದಿ ಹರೀತಾರೆ, ಮುಗೀತು. ಮೈಕ್ರಾನ್ ಅಳೆಯಲು ನಮ್ಮವರಿಗೆ ಯಂತ್ರ ಬೇಡ, ಹೆಬ್ಬೆರಳು ಸಾಕು.

ಇನ್ನು ವಿನಾಯಿತಿ ಪಟ್ಟಿ. ಸೀಸ 0.1% ಮೀರಬಾರದು ಅಂದೆನಲ್ಲ? ಜಾಸ್ತಿ ಶಾಖ ತಡೆಯುವ ಸೋಲ್ಡರ್‌ನಲ್ಲಿ, ಅಂದರೆ ಬಿಡಿಭಾಗ ಬೆಸೆಯುವ ಲೋಹದಲ್ಲಿ, ಅದು 85% ಇದ್ದರೂ, ಅದಕ್ಕಿಂತ ಹೆಚ್ಚಿದ್ದರೂ ನಡೆಯುತ್ತದೆ. ಅದಕ್ಕೆ ಸರಿಯಾದ ಬದಲಿ ಇನ್ನೂ ಸಿಕ್ಕಿಲ್ಲವಂತೆ, ಪಾಪ. ಒಪ್ಪೋಣ. ಒದ್ದೆ ಮಲ್ಲಿಗೆ ಕಟ್ಟಿಕೊಡಲು ಅಷ್ಟೇ ಅಗ್ಗದ ಬದಲಿ ಅಜ್ಜಿಗೂ ಸಿಕ್ಕಿಲ್ಲ. ಅವಳು ವಿನಾಯಿತಿಗೆ ಯಾವ ಕೌಂಟರ್‌ನಲ್ಲಿ ಅರ್ಜಿ ಹಾಕಬೇಕು, ಸ್ವಲ್ಪ ಹೇಳ್ತೀರಾ?